ಮೊದಲ ಕೀಮೋ ದಿನ ಹಳೆ ರೋಗಿ ಒಬ್ಬರು ಪಕ್ಕದಲ್ಲಿರಲಿ

ಸಂಪಾದಕರಿಗೆ ನಮಸ್ಕಾರ.

ನಾನು ಶಂಕರಪುರದವಳು. ಮನೆ ಹಿತ್ತಿಲಲ್ಲಿ ಮಲ್ಲಿಗೆ ಗಿಡಗಳಿವೆ, ಹೂ ಕಟ್ಟಿ ಕೊಡುವುದೇ ನಮ್ಮ ಜೀವನ. ಎರಡು ವರ್ಷದ ಹಿಂದೆ ಕುತ್ತಿಗೆಯಲ್ಲಿ ಒಂದು ಗಂಟು ಬಂತು. ನೋವಿಲ್ಲ, ಏನಿಲ್ಲ. ರಾತ್ರಿ ಮಾತ್ರ ರವಿಕೆ ಒದ್ದೆಯಾಗುವಷ್ಟು ಬೆವರು. ಮೊದಲು ತೋರಿಸಿದ ಕಡೆ ಟಿಬಿ ಇರಬಹುದು ಅಂದರು. ಕೆಲವು ತಿಂಗಳು ಆ ಮಾತ್ರೆಯೇ ನುಂಗಿದೆ. ಗಂಟು ದೊಡ್ಡದಾಯಿತೇ ಹೊರತು ಕರಗಲಿಲ್ಲ. ಕೊನೆಗೆ ಬೇರೆ ಕಡೆ ಗಂಟನ್ನೇ ತೆಗೆದು ಬಯಾಪ್ಸಿ ಮಾಡಿದಾಗ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್ ಅಂತ ಗೊತ್ತಾಯಿತು. 21 ದಿನಕ್ಕೊಮ್ಮೆ, ಒಟ್ಟು 6 ಕೀಮೋ.

ಮೊದಲ ಕೀಮೋ ಮುಗಿಸಿ ಮನೆಗೆ ಬಂದ ರಾತ್ರಿ ಮೂತ್ರ ಕೆಂಪಾಗಿ ಹೋಯಿತು. ರಕ್ತವೇ ಅಂದುಕೊಂಡೆ. ಮಕ್ಕಳಿಗೆ ಹೇಳಲು ಧೈರ್ಯ ಬರಲಿಲ್ಲ. ಆ ದಿನ ಪಕ್ಕದ ಕುರ್ಚಿಯಲ್ಲಿ ಬೈಂದೂರು ಕಡೆಯ ಮೀನುಗಾರರೊಬ್ಬರು ಕೂತಿದ್ದರು, ಅವರಿಗೆ ಅದು ಐದನೇ ಕೀಮೋ. ಅವರ ಹೆಂಡತಿ ಔಷಧಿ ಚೀಟಿಯ ಹಿಂದೆ ಫೋನ್ ನಂಬರ್ ಬರೆದುಕೊಟ್ಟಿದ್ದರು. ರಾತ್ರಿ 10 ಗಂಟೆಗೆ ಫೋನ್ ಮಾಡಿದೆ. "ಹೆದರಬೇಡಿ ಅಕ್ಕಾ, ರಕ್ತ ಅಲ್ಲ ಅದು. ಕೆಂಪು ಮದ್ದು ಹಾಕಿದ್ದರಲ್ಲಾ, ಅದರದೇ ಬಣ್ಣ. ಒಂದೆರಡು ದಿನದಲ್ಲಿ ಸರಿ ಹೋಗ್ತದೆ" ಅಂದರು. ನರ್ಸ್ ಕೂಡ ಇದನ್ನೇ ಹೇಳಿದ್ದರಂತೆ, ಮಗಳು ಆಮೇಲೆ ಹೇಳಿದಳು. ಆ ದಿನ ನನ್ನ ತಲೆಗೆ ಯಾರ ಮಾತೂ ಹೋಗಿರಲಿಲ್ಲ.

ಮೂರನೇ ಕೀಮೋ ಹೊತ್ತಿಗೆ ಬೆರಳ ತುದಿ ಜುಂ ಅನ್ನಲು ಶುರುವಾಯಿತು. ನಮ್ಮಲ್ಲಿ ಕಟ್ಟಿದ ಮಲ್ಲಿಗೆಯ ಲೆಕ್ಕ ಚೆಂಡಿನಲ್ಲಿ, ಒಂದು ಚೆಂಡಿಗೆ 800 ಹೂ. ಬಾಳೆ ನಾರು ಬೆರಳಿಗೆ ಸಿಕ್ಕಿದ್ದೇ ತಿಳಿಯುತ್ತಿರಲಿಲ್ಲ. ಗಂಟು ಹಾಕಿದೆ ಅಂದುಕೊಳ್ಳುವಾಗ ಮೊಗ್ಗು ಜಾರಿ ಮಡಿಲಿಗೆ ಬೀಳುತ್ತಿತ್ತು. ಸುಸ್ತು ಅಂತ ಸುಮ್ನೆ ಇದ್ದೆ. ವಾರ್ಡಿನಲ್ಲಿ ಕಾರ್ಕಳದ ಟೀಚರ್ ಒಬ್ಬರು, "ರವಿಕೆ ಹುಕ್ ಹಾಕ್ಲಿಕ್ಕೆ ಆಗ್ತದಾ?" ಅಂತ ಕೇಳಿದರು. ಆಗುವುದಿಲ್ಲ ಅಂದೆ. "ಹಾಗಾದ್ರೆ ಇವತ್ತೇ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ" ಅಂದರು. ಹೇಳಿದೆ. ಡಾಕ್ಟರ್ ಒಂದು ಮದ್ದಿನ ಡೋಸ್ ಕಡಿಮೆ ಮಾಡಿದರು. ಜ್ವರ 100.4 ಡಿಗ್ರಿ ದಾಟಿದರೆ ಮಾತ್ರೆ ನುಂಗಿ ಮಲಗಬಾರದು, ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು ಎನ್ನುವುದು ನನ್ನ ತಲೆಯಲ್ಲಿ ಕೂತದ್ದೂ ಈ ಟೀಚರಿಂದಲೇ. ಬಿಳಿ ರಕ್ತಕಣ ಕಡಿಮೆ ಇರುವಾಗ ಸೋಂಕು ಎಷ್ಟು ಬೇಗ ಏರುತ್ತದೆ ಅನ್ನುವುದನ್ನು ಅವರು ಸ್ವತಃ ಅನುಭವಿಸಿದ್ದರು.

ಎಲ್ಲರ ಮಾತೂ ಹೀಗೆ ಇರುವುದಿಲ್ಲ, ಅದನ್ನೂ ಹೇಳಬೇಕು. ಕೀಮೋ ಬಿಟ್ಟು ಸೊಪ್ಪಿನ ರಸ ಕುಡಿಯಿರಿ ಎಂದವರೂ ಇದ್ದರು. ಲಿಂಫೋಮಾ ಒಂದೇ ಕಾಯಿಲೆ ಅಲ್ಲ, ಅದರಲ್ಲಿ ಹಲವು ಬಗೆ. ನನ್ನ ಎದುರಿಗಿದ್ದ ಕಾಲೇಜು ಹುಡುಗನಿಗೆ ಹಾಡ್ಜ್‌ಕಿನ್ ಬಗೆ. ಅವನ ಮದ್ದು ಬೇರೆ, 15 ದಿನಕ್ಕೊಮ್ಮೆ. ಹಾಗಾಗಿ ಮದ್ದಿನ ವಿಷಯ ಡಾಕ್ಟರಿಗೇ ಬಿಡಬೇಕು. ಆದರೆ ಕೂದಲು ಉದುರುವಾಗ ಏನು ಅನಿಸುತ್ತದೆ, ಗಂಜಿಯೂ ಸೇರದಿದ್ದಾಗ ಏನು ಮಾಡಬಹುದು, ಸ್ಕ್ಯಾನ್ ರಿಪೋರ್ಟ್ ಬರುವ ತನಕ ದಿನ ಕಳೆಯುವುದು ಹೇಗೆ? ಇದನ್ನೆಲ್ಲ ಆ ಕುರ್ಚಿಯಲ್ಲಿ ಕೂತು ಎದ್ದವರೇ ಹೇಳಬೇಕು, ಅಲ್ವಾ?

ನನಗೆ ಇಂಥವರು ಸಿಕ್ಕಿದ್ದು ಅದೃಷ್ಟ. ಒಬ್ಬರೇ ಬಂದು, ಗೋಡೆ ನೋಡುತ್ತಾ ಮದ್ದು ಹಾಕಿಸಿಕೊಂಡು ಹೋಗುವವರನ್ನೂ ನೋಡಿದ್ದೇನೆ. ಉಡುಪಿ, ಮಣಿಪಾಲ, ಮಂಗಳೂರಿನ ಆಸ್ಪತ್ರೆಗಳಲ್ಲಿ ನನ್ನದೊಂದು ಕೋರಿಕೆ. ಮೊದಲ ಸಲ ಕೀಮೋಗೆ ಬರುವವರು ಬಯಸಿದರೆ, ಚಿಕಿತ್ಸೆ ಮುಗಿಸಿದ ಒಬ್ಬರನ್ನು ಅರ್ಧ ಗಂಟೆ ಅವರ ಜೊತೆ ಕೂರಿಸಿ. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಅವರವರ ಮನೆಮಾತಿನಲ್ಲೇ ಮಾತಾಡುವವರು ಸಿಕ್ಕರೆ ಇನ್ನೂ ಒಳ್ಳೆಯದು. ಖರ್ಚೇನಿಲ್ಲ, ಎರಡು ಕುರ್ಚಿ ಸಾಕು. ಸೆಪ್ಟೆಂಬರ್ 15 ವಿಶ್ವ ಲಿಂಫೋಮಾ ಜಾಗೃತಿ ದಿನ, ಆ ದಿನವೇ ಶುರು ಮಾಡಬಹುದು.

ಕರೆದರೆ ನಾನು ಬರುತ್ತೇನೆ. ಬೆಳಿಗ್ಗೆ ಹೂ ಕೊಯ್ದು, ಕಟ್ಟಿ ಕೊಟ್ಟು, 11 ಗಂಟೆಯ ಮೇಲೆ ಬಸ್ಸು ಹತ್ತಬಹುದು. ಕೈ ಇನ್ನೂ ಮೊದಲಿನಷ್ಟು ಓಡುವುದಿಲ್ಲ, ಆದರೆ ಒಂದು ಚೆಂಡು ಈಗ ಪೂರ್ತಿ ಕಟ್ಟುತ್ತೇನೆ.

– ಮಲ್ಲಿಗೆ ಬೆಳೆಯುವ ಓದುಗರು, ಶಂಕರಪುರ, ಉಡುಪಿ ಜಿಲ್ಲೆ