ಒಬ್ಬ ಹಾಡುಗಾರನಿಗೆ ಆರ್ಕೆಸ್ಟ್ರಾ ಸೌಂಡ್ ಯಾಕೆ?

ಮಾನ್ಯರೇ,

ತಾವೇ ಕಟ್ಟಿದ ಹಾಡನ್ನು ಒಂದು ಗಿಟಾರೋ ಏಕತಾರಿಯೋ ಹಿಡಿದು ಹಾಡುವವರನ್ನು ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳಿಗೆ ಕರೆಸುವುದು ಒಳ್ಳೆಯದೇ. ಆದರೆ ಅವರಿಗೂ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ವ್ಯವಸ್ಥೆಯನ್ನೇ ಹೇಳಲಾಗುತ್ತಿದೆ: ಎರಡೂ ಬದಿಗೆ ಆಳೆತ್ತರದ ಸ್ಪೀಕರ್, ಮಂದ್ರ ದನಿ ಗುಡುಗಿಸುವ ಬಾಸ್ ಬಿನ್ ಪೆಟ್ಟಿಗೆ, ಮೈಕಿಗೆ ಧಾರಾಳ ಎಕೋ. ಇಂಥ ಹಾಡಿನ ಜೀವ ಇರುವುದು ಸಾಹಿತ್ಯದಲ್ಲಿ. ಅದೇ ಕೇಳಿಸದಿದ್ದರೆ ಉಳಿಯುವುದು ಗಿಟಾರಿನ ನಾಲ್ಕು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗುಚ್ಛ) ಮಾತ್ರ. ಶಿವಮೊಗ್ಗ ಸುಬ್ಬಣ್ಣ ಅವರನ್ನು ಕೇಳಿದ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಐವತ್ತು ಜನರ ಕಾರ್ಯಕ್ರಮಕ್ಕೆ ದೊಡ್ಡ ಸಭಾಂಗಣ ಹಿಡಿಯಬೇಡಿ. ಬೋಳು ಗೋಡೆ, ಗ್ರಾನೈಟ್ ನೆಲ, ಖಾಲಿ ಕುರ್ಚಿಗಳ ನಡುವೆ ದನಿ ಬಡಿದು ವಾಪಸ್ ಬಂದು ಮುಂದಿನ ಪದದ ಮೇಲೆ ಬೀಳುತ್ತದೆ. ಹೆಂಚಿನ ಮನೆಯ ಜಗುಲಿ, ಮರದ ಮುಚ್ಚಿಗೆಯ ಹಜಾರ, ಕಪಾಟು ತುಂಬಿದ ವಾಚನಾಲಯದ ಕೋಣೆ ಸಿಕ್ಕರೆ ಮೂವತ್ತು ನಲವತ್ತು ಜನರಿಗೆ ಮೈಕೇ ಬೇಡ. ತಗಡಿನ ಮಾಡು ಮಾತ್ರ ಮಳೆಗಾಲದಲ್ಲಿ ಬೇಡವೇ ಬೇಡ. ಒಂದು ಜಡಿಮಳೆ ಬಂದರೆ ಯಾವ ಸೌಂಡ್ ಸಿಸ್ಟಮ್ಮೂ ಅದರ ಮುಂದೆ ನಿಲ್ಲದು.

ಮೈಕ್ ಬೇಕೇ ಬೇಕೆಂದರೆ ಕಾರ್ಡಿಯಾಯ್ಡ್ (ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ) ಡೈನಾಮಿಕ್ ಮೈಕ್ ಒಂದು ಸಾಕು, ತುಟಿಯಿಂದ 5ರಿಂದ 10 ಸೆಂ.ಮೀ. ದೂರದಲ್ಲಿ. ಇನ್ನೂ ಹತ್ತಿರ ತಂದಷ್ಟೂ ಮಂದ್ರ ಉಬ್ಬಿ ಪದಗಳು ಮಸುಕಾಗುತ್ತವೆ. ಮಿಕ್ಸರಿನ ಲೋ ಕಟ್ ಗುಂಡಿ ಒತ್ತಿ, 80–100 ಹರ್ಟ್ಸ್‌ನ ಕೆಳಗಿನದನ್ನು ಕತ್ತರಿಸಿ. ಎಕೋ ಪೂರ್ತಿ ತೆಗೆಯಿರಿ. ಹಾಡುವವರಿಗೆ ತಮ್ಮ ದನಿ ಕೇಳಿಸುವ ಮಾನಿಟರ್ ಸ್ಪೀಕರ್ ಮೈಕಿನ ಬೆನ್ನ ಹಿಂದಿರಲಿ, ಜನರ ಕಡೆಯ ಸ್ಪೀಕರುಗಳು ಮೈಕಿಗಿಂತ ಮುಂದೆ.

ಗಿಟಾರಿಗೆ ಪಿಕಪ್ (ತಂತಿಯ ಕಂಪನ ಹಿಡಿಯುವ ಸಾಧನ) ಇದ್ದರೆ, ಅದರ ಸಿಗ್ನಲ್ಲನ್ನು ಮಿಕ್ಸರಿಗೆ ಹೊಂದಿಸುವ ಡಿಐ ಬಾಕ್ಸ್ ಮೂಲಕ ಮಿಕ್ಸರಿಗೆ ಕೊಡಿ. ಇಲ್ಲದಿದ್ದರೆ ಮೈಕನ್ನು ಸೌಂಡ್‌ಹೋಲಿಗೆ (ಒಡಲಿನ ದುಂಡು ತೂತಿಗೆ) ನೇರ ಹಿಡಿಯದೆ, ಕತ್ತು ಒಡಲಿಗೆ ಕೂಡುವ ಕಡೆಗೆ, 20–30 ಸೆಂ.ಮೀ. ದೂರದಲ್ಲಿಡಿ. ಸ್ಪೀಕರಿನ ದನಿ ಮತ್ತೆ ಮೈಕಿಗೋ ಪಿಕಪ್ಪಿಗೋ ಸೇರಿ ಗುಂಯ್ ಎನ್ನುವ ಫೀಡ್‌ಬ್ಯಾಕ್ ಹೆಚ್ಚಾಗಿ ಏಳುವುದು 100 ಹರ್ಟ್ಸ್ ಆಸುಪಾಸಿನಲ್ಲಿ, ಏಕೆಂದರೆ ಗಿಟಾರಿನ ಒಡಲೊಳಗಿನ ಗಾಳಿ ತಾನಾಗಿ ಮಿಡಿಯುವುದು ಅಲ್ಲೇ. ಅಷ್ಟನ್ನು ಮಾತ್ರ ಕೆಲವು ಡೆಸಿಬಲ್ ಇಳಿಸಿ. ಗಾಬರಿಯಲ್ಲಿ ಬಾಸ್ ಪೂರ್ತಿ ಇಳಿಸಿದರೆ ತಂತಿಯ ಕಿರಿಚಾಟ ಬಿಟ್ಟು ಬೇರೇನೂ ಉಳಿಯುವುದಿಲ್ಲ.

ಮಲೆನಾಡಿನ ಥಂಡಿಯೇ ಬೇರೆ ಕಥೆ. ಗಿಟಾರಿನ ಮರಕ್ಕೆ ಹಿತವಾದ ಆರ್ದ್ರತೆ ಶೇ 45ರಿಂದ 55. ಆಷಾಢದಲ್ಲಿ ಇಲ್ಲಿ ಅದು ಎಲ್ಲೋ ಮೇಲಿರುತ್ತದೆ. ಮೇಲ್ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ, ಬೆರಳು ನೋಯುತ್ತದೆ, ಒತ್ತಿದ ಸ್ವರ ಏರಿಬಿಡುತ್ತದೆ. ವಾದ್ಯವನ್ನು ಅರ್ಧ ಗಂಟೆ ಮುಂಚೆ ಹಾಡುವ ಕೋಣೆಯಲ್ಲೇ ಪೆಟ್ಟಿಗೆಯಿಂದ ತೆಗೆದಿಟ್ಟು ಆಮೇಲೆ ಶ್ರುತಿ ಮಾಡಲು ಅವಕಾಶ ಕೊಡಿ. ಜೊತೆಗೆ ದಮ್ಮಡಿ ಇದ್ದರೆ ಚರ್ಮ ಸಡಿಲಾಗುತ್ತದೆ. ಕೆಂಡದ ಮೇಲೆ ಎತ್ತರದಲ್ಲಿ ಹಿಡಿದು ಕಾಯಿಸಬೇಕು. ಕಾಯಿಸಿದ್ದು ಬೇಗ ಇಳಿಯುವುದರಿಂದ ಇನ್ನೊಂದನ್ನು ಸಿದ್ಧ ಇಟ್ಟಿರಿ. ಗಿಟಾರನ್ನು ಮಾತ್ರ ಬೆಂಕಿಯ ಹತ್ತಿರ ಒಯ್ಯಬೇಡಿ, ಅಂಟು ಬಿಡುತ್ತದೆ.

ಕರೆಂಟ್ ಹೋಗುವುದು ಖಚಿತ ಎಂದೇ ಲೆಕ್ಕ ಹಾಕಿ. ಕಿಟಕಿ ಪಕ್ಕ ಜನರೇಟರ್ ಇಟ್ಟರೆ ಹಾಡು ಮುಗಿದಂತೆಯೇ. ಬ್ಯಾಟರಿ ಸ್ಪೀಕರ್ ಒಂದು ಸಾಕು. ಸ್ಪೀಕರಿನಲ್ಲಿ ಹಮ್ (ಎಡೆಬಿಡದ ಗುನುಗು) ಬಂದರೆ ಮಿಕ್ಸರ್, ಆ್ಯಂಪ್ಲಿಫೈಯರ್ ಎರಡನ್ನೂ ಒಂದೇ ಬೋರ್ಡಿಗೆ ಹಾಕಿ. ಹೋಗದಿದ್ದರೆ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ನಮ್ಮ ಹಳೇ ಚಾಳಿ ಒದ್ದೆ ನೆಲದ ಮೇಲೆ ಜೀವ ತೆಗೆಯುತ್ತದೆ.

ಸೌಂಡ್ ಚೆಕ್ ಜನ ಬರುವ ಮೊದಲು ಆಗಲಿ. ಜನ ತುಂಬಿದ ಮೇಲೆ ಮೈ, ಬಟ್ಟೆಗಳು ಪ್ರತಿಧ್ವನಿ ಹೀರುತ್ತವೆ, ಮೊದಲ ಹಾಡಿನಲ್ಲೇ ಒಮ್ಮೆ ಸರಿಮಾಡಿ ಆಮೇಲೆ ಮಿಕ್ಸರ್ ಮುಟ್ಟಬೇಡಿ. ದೊಡ್ಡ ಸೆಟ್ಟಿನ ಬಾಡಿಗೆಯಲ್ಲಿ ಉಳಿದ ಹಣ ಹಾಡುವವರ ಸಂಭಾವನೆಗೆ ಸೇರಲಿ; ಸೆಟ್ ಬಾಡಿಗೆಗೆ ಕೊಡುವ ನಾವೇ ಹೀಗೆನ್ನುವುದು ವ್ಯಾಪಾರಕ್ಕೆ ನಷ್ಟ, ಇರಲಿ.

ಅಂಗಳದಲ್ಲಿ ನಡೆಸುವವರು ನೆನಪಿಡಬೇಕು: 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರ ನಂತರ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸ್ವಾಗತ, ದೀಪ, ಪ್ರಾಸ್ತಾವಿಕ, ನಾಲ್ವರು ಅತಿಥಿಗಳ ಮಾತು ಎಂದು ಎಂಟೂವರೆ ಮಾಡಿದರೆ ಹಾಡಿಗೆ ಉಳಿಯುವುದೆಷ್ಟು? ಸನ್ಮಾನ ಬಿಡಲಾಗದಿದ್ದರೆ ಕೊನೆಗೆ ಇಡಿ, ಸಾಗರದ ಬಸ್ ಹಿಡಿಯುವವರು ಅಷ್ಟರಲ್ಲಿ ಹೊರಟಿರುತ್ತಾರೆ.

– ಧ್ವನಿ ವ್ಯವಸ್ಥೆಯ ಕೆಲಸಗಾರರು, ಶಿವಮೊಗ್ಗ