ಗೆಳೆಯನಿಗೊಂದು ಪತ್ರ: ರೀಲಿನಲ್ಲಿ ಉಳಿದಿರುವ ದನಿ

ಪ್ರಿಯ ಗೆಳೆಯ,

ನಿನ್ನ ಪತ್ರ ಓದಿದಾಗಿನಿಂದ ಮನಸ್ಸು ಅದರಲ್ಲೇ ಇದೆ. ನಿನ್ನ ತಂದೆಯವರು ಮನೆಬಳಕೆಯ ಕಿರು ಫಿಲ್ಮಾದ ಸೂಪರ್ 8ರಲ್ಲಿ ತೆಗೆದ ರೀಲುಗಳನ್ನು ಇಷ್ಟು ವರ್ಷಗಳ ಮೇಲೆ ಪ್ರೊಜೆಕ್ಟರಿಗೆ ಏರಿಸಿದಾಗ ಚಿತ್ರ ಚೆನ್ನಾಗಿಯೇ ಮೂಡಿತು, ಆದರೆ ಅವರ ದನಿ ಮಾತ್ರ ಗೋಡೆಯಾಚೆಯಿಂದ ಬಂದಂತೆ ಮಂಕಾಗಿ ಕೇಳಿ ಕೊನೆಗೆ ನಿಂತೇಹೋಯಿತು ಎಂದು ಬರೆದಿದ್ದೀಯೆ. ದನಿ ಅಳಿಸಿಹೋಗಿದೆ ಎಂಬ ನಿನ್ನ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಈ ಫಿಲ್ಮಿನ ಅಂಚಿನ ಪಟ್ಟಿಯೊಂದರಲ್ಲಿ ಧ್ವನಿ ಕಾಂತತ್ವವಾಗಿ ದಾಖಲಾಗಿರುತ್ತದೆ; ಸುಮ್ಮನೆ ಇಟ್ಟಿದ್ದ ಮಾತ್ರಕ್ಕೆ ಆ ಕಾಂತತ್ವ ಅಷ್ಟು ಸುಲಭವಾಗಿ ಕರಗುವುದಿಲ್ಲ. ಬಹುಮಟ್ಟಿಗೆ ಕೆಡುವುದು ಪಟ್ಟಿಗೂ ಅದನ್ನು ಓದುವ ಪ್ರೊಜೆಕ್ಟರಿನ ಹೆಡ್ಡಿಗೂ ನಡುವಿನ ಸಂಪರ್ಕ.

ಫಿಲ್ಮನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡು. ರಂಧ್ರಗಳಿಗೆ ಎದುರಿನ ಅಂಚಿನಲ್ಲಿ ಒಂದು ಮಿಲಿಮೀಟರಿಗಿಂತಲೂ ಕಿರಿದಾದ ಕಂದು ಪಟ್ಟಿ ಕಾಣುತ್ತದೆ. ಮಾತು ಇರುವುದು ಅದರಲ್ಲಿ. ರಂಧ್ರಗಳ ಬದಿಯಲ್ಲಿರುವ ಇನ್ನೂ ತೆಳುವಾದ ಪಟ್ಟಿ, ಸುರುಳಿ ಸಮನಾಗಿ ಕೂರಲೆಂದು ಬಳಿದದ್ದು. ಸೆಕೆಂಡಿಗೆ 18 ಚೌಕಟ್ಟುಗಳ ವೇಗದಲ್ಲಿ ಈ ಪಟ್ಟಿ ಹೆಡ್ಡಿನ ಮೇಲೆ ಸೆಕೆಂಡಿಗೆ ಸುಮಾರು 76 ಮಿಲಿಮೀಟರ್ ಮಾತ್ರ ಸರಿಯುತ್ತದೆ. ಹಾಗಾಗಿ 5,000 ಹರ್ಟ್ಸ್, ಅಂದರೆ ಸೆಕೆಂಡಿಗೆ 5,000 ಅಲೆಗಳ ಶಬ್ದದ ಒಂದು ಅಲೆಗೆ ಅದರಲ್ಲಿ ಸಿಗುವ ಜಾಗ ಬರಿಯ 15 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಹೆಡ್ಡಿನಿಂದ ಪಟ್ಟಿ 5 ಮೈಕ್ರಾನಿನಷ್ಟು ಎದ್ದು ನಿಂತರೂ ಆ ಶಬ್ದ 18 ಡೆಸಿಬೆಲ್ ಕುಸಿಯುತ್ತದೆ. ಅದೇ ದೂರಕ್ಕೆ 200 ಹರ್ಟ್ಸಿನ ಶಬ್ದ ಒಂದು ಡೆಸಿಬೆಲ್ ಕೂಡ ಇಳಿಯುವುದಿಲ್ಲ. ಸ, ಶ, ಚ ಮೊದಲು ಮಾಯವಾಗಿ ಸ್ವರಗಳು ಮಾತ್ರ ಉಳಿಯುವುದು ಇದರಿಂದ. ನಮ್ಮ ಮನೆಯ ರೀಲೊಂದರಲ್ಲಿ ಅಮ್ಮ ‘ಬಿಸಿಲಲ್ಲಿ ನಿಲ್ಲಬೇಡ’ ಎನ್ನುವುದು ನನಗೆ ಬಹಳ ದಿನ ‘ಬಿಇಲಲ್ಲಿ’ ಎಂದೇ ಕೇಳುತ್ತಿತ್ತು.

ಒಂದು ಸಂಜೆ ಪ್ರೊಜೆಕ್ಟರಿನ ಪ್ಲಗ್ಗು ತೆಗೆದು, ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಹೆಡ್ಡನ್ನು ಒರೆಸಿದೆ. ಹತ್ತಿಗೆ ತುಕ್ಕಿನ ಬಣ್ಣದ ಪುಡಿ ಹತ್ತಿಕೊಂಡಿತು. ನಾಲ್ಕನೆಯ ಕಡ್ಡಿಯ ಹೊತ್ತಿಗಷ್ಟೇ ಹತ್ತಿ ಬಿಳಿಯಾಗಿ ಉಳಿಯಿತು. ಫಿಲ್ಮನ್ನು ಹೆಡ್ಡಿಗೆ ಒತ್ತುವ ಪುಟ್ಟ ಮೆತ್ತೆಯೂ ಸವೆದು ಗಟ್ಟಿಯಾಗಿತ್ತು, ಅದನ್ನು ಬದಲಾಯಿಸಿದೆ. ಮರುದಿನ ‘ಬಿಸಿಲು’ ಎಂಬ ಪದದ ಸಕಾರ ಸ್ಪಷ್ಟವಾಗಿ ಕೇಳಿತು. ಆ ಒಂದು ಅಕ್ಷರಕ್ಕಾಗಿ ರೀಲನ್ನು ಮೂರು ಸಲ ಓಡಿಸಿದೆ; ಹಾಗೆ ಓಡಿಸಬಾರದಾಗಿತ್ತು, ಏಕೆಂದರೆ ಹಳೆಯ ಪಟ್ಟಿ ಪ್ರತಿ ಓಟದಲ್ಲೂ ಒಂದಿಷ್ಟು ಉದುರುತ್ತದೆ. ಆ ಆಲ್ಕೋಹಾಲು ಹೆಡ್ಡಿಗೆ ಮಾತ್ರ ಎಂಬುದನ್ನೂ ನೆನಪಿಡು. ಯಾವುದೋ ದ್ರಾವಣದಿಂದ ಫಿಲ್ಮನ್ನೇ ಒರೆಸಲು ಹೋದರೆ ಪಟ್ಟಿಯೇ ಎದ್ದು ಬರಬಹುದು.

ಮಾತು ನಡುನಡುವೆ ತುಂಡಾಗುತ್ತದೆ ಎಂದೂ ಬರೆದಿದ್ದೀಯೆ. ಅದರ ಕಾರಣ ಬೇರೆ ಇರಬಹುದು. ಸೂಪರ್ 8ರಲ್ಲಿ ಧ್ವನಿ ತನ್ನ ಚಿತ್ರಕ್ಕಿಂತ 18 ಚೌಕಟ್ಟು ಮುಂದೆ ದಾಖಲಾಗಿರುತ್ತದೆ, ಅಂದರೆ ಸೆಕೆಂಡಿಗೆ 18 ಚೌಕಟ್ಟಿನ ವೇಗದಲ್ಲಿ ಸರಿಯಾಗಿ ಒಂದು ಸೆಕೆಂಡು. ಚಿತ್ರ ನೋಡಿಕೊಂಡು ಕತ್ತರಿಸಿ ಅಂಟಿಸಿದವರಿಗೆ, ಹೊಸ ದೃಶ್ಯದ ಮೊದಲ ಸೆಕೆಂಡಿನ ಮಾತು ತಾವು ತೆಗೆದುಹಾಕಿದ ತುಂಡಿನಲ್ಲಿ ಹೋಯಿತೆಂಬುದು ತಿಳಿದಿರುವುದಿಲ್ಲ. ಅಂಟುಪಟ್ಟಿ ಧ್ವನಿಪಟ್ಟಿಯ ಮೇಲೂ ಹಾಯ್ದಿದ್ದರೆ ಅಲ್ಲಿ ಧ್ವನಿಪಟ್ಟಿ ಹೆಡ್ಡಿನಿಂದ ಎದ್ದು ನಿಂತು ಇನ್ನೊಂದು ಮೌನ ಬೀಳುತ್ತದೆ. ಎರಡನೆಯದನ್ನು ಸರಿಪಡಿಸಬಹುದು, ಮೊದಲನೆಯದನ್ನು ಆಗದು.

ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚಿರುವುದು ಅಸಿಟೇಟ್ ಆಧಾರ, ಅಂದರೆ ಚಿತ್ರವನ್ನೂ ಪಟ್ಟಿಯನ್ನೂ ಹೊತ್ತಿರುವ ಪ್ಲಾಸ್ಟಿಕ್ ಪದರ. ಅದು ಕೊಳೆಯತೊಡಗಿದಾಗ ಅಸಿಟಿಕ್ ಆಮ್ಲ ಹೊರಬಿದ್ದು ಡಬ್ಬಿ ತೆರೆದೊಡನೆ ವಿನೆಗರ್ ವಾಸನೆ ಮೂಗಿಗೆ ಹೊಡೆಯುತ್ತದೆ. ಪಟ್ಟಿಯಲ್ಲಿರುವ ಕಬ್ಬಿಣದ ಆಕ್ಸೈಡು ಈ ಕೊಳೆತವನ್ನು ಚುರುಕುಗೊಳಿಸುವುದರಿಂದ, ಮೂಕ ರೀಲುಗಳಿಗಿಂತ ಧ್ವನಿಯಿರುವ ರೀಲುಗಳು ಬೇಗ ಕೆಡುತ್ತವೆ. ಫಿಲ್ಮು ಕುಗ್ಗಿ ಮುರುಟಿದ ಮೇಲೆ ಹೆಡ್ಡನ್ನು ಎಷ್ಟು ಒರೆಸಿದರೂ ಅಂಚು ಅದಕ್ಕೆ ತಾಕುವುದಿಲ್ಲ. ವಾಸನೆ ಬರುವ ರೀಲನ್ನು ಉಳಿದವುಗಳಿಂದ ಬೇರೆಯಿಡು. ಎಲ್ಲವನ್ನೂ ತಂಪಾದ, ಒಣಗಿದ ಜಾಗದಲ್ಲಿಡು.

ಡಿಜಿಟಲ್ ಪ್ರತಿ ಮಾಡಿಸಲು ಕೊಡುವ ಮುನ್ನ ಮ್ಯಾಗ್ನೆಟಿಕ್ ಧ್ವನಿಯನ್ನೂ ಓದುತ್ತಾರೆಯೇ ಎಂದು ಬಾಯಿಬಿಟ್ಟು ಕೇಳು, ಏಕೆಂದರೆ ಚಿತ್ರವನ್ನಷ್ಟೇ ಸ್ಕ್ಯಾನ್ ಮಾಡಿ ಕೊಡುವವರಿದ್ದಾರೆ. ಗದ್ದಲ ತೆಗೆದು ನಯಗೊಳಿಸಿದ ಪ್ರತಿಯೊಂದೇ ಸಾಲದು, ಓದಿದಂತೆಯೇ ಇರುವ ಕಚ್ಚಾ ಧ್ವನಿಯನ್ನೂ ಕೇಳಿ ಪಡೆ. ಅಲ್ಲಿಯವರೆಗೆ ಪ್ರೊಜೆಕ್ಟರಿನ ರೆಕಾರ್ಡ್ ಗುಂಡಿಯನ್ನು ಯಾರೂ ಮುಟ್ಟದಂತೆ ಅದರ ಮೇಲೆ ಕಾಗದ ಅಂಟಿಸು. ಮೇಲೆ ಹೇಳಿದ ಯಾವ ತೊಂದರೆಯೂ ಮಾಡದ ಕೆಲಸವನ್ನು, ಅಂದರೆ ತಂದೆಯವರ ಮಾತನ್ನು ನಿಜವಾಗಿಯೂ ಅಳಿಸುವುದನ್ನು, ಆ ಗುಂಡಿ ಕ್ಷಣದಲ್ಲಿ ಮಾಡಿಬಿಡಬಲ್ಲದು.

ನಾಳೆ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಸಿ ನೋಡಿ, ವಾಸನೆ ಬಂದವು ಎಷ್ಟು ಎಂದು ತಿಳಿಸು. ಮೊದಲು ಅವನ್ನು ಕಳಿಸೋಣ.

ನಿನ್ನ ಗೆಳೆಯ