ಓಟಿನ ಪಟ್ಟಿ ಹಿಡಿದವರೇ ನೀರಿನ ಬಾಟಲಿ ಹಿಡಿದರೆ

ಸಂಪಾದಕರೇ,

ಪಂಚಾಯ್ತಿ ಚುನಾವಣೆಯ ಮಾತು ಎದ್ದಾಗಲೆಲ್ಲ ನಮ್ಮ ಕಡೆ ಒಬ್ಬರ ಸುದ್ದಿ ಬರುತ್ತದೆ. ಹೊಸನಗರ ತಾಲ್ಲೂಕಿನ ನಮ್ಮೂರ ಮುಖಂಡರು, ಹೆಸರು ಹಾಕಬೇಡಿ ಅಂದಿದ್ದಾರೆ. ವರ್ಷಗಟ್ಟಲೆ ಒಂದು ಪಕ್ಷಕ್ಕಾಗಿ ಓಡಾಡಿದವರು. ಯಾವ ಮನೆಯಲ್ಲಿ ಎಷ್ಟು ಓಟು, ಯಾರಿಗೆ ಯಾರ ಮೇಲೆ ಮುನಿಸು, ಎಲ್ಲ ಬಾಯಿಪಾಠ. 2020ರ ಡಿಸೆಂಬರ್‌ನ ಪಂಚಾಯ್ತಿ ಚುನಾವಣೆಯೇ ಕೊನೆ, ಆಮೇಲೆ ಪ್ರಚಾರಕ್ಕೆ ಹೋಗಿಲ್ಲ. (ಆ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ ಅನ್ನೋದೆಲ್ಲ ಕಾಗದದ ಮಾತು, ನಿಮಗೂ ಗೊತ್ತು.) ಆಗ ಓಟು ಕೇಳಲು ಹೋದ ಮನೆಯೊಂದರಲ್ಲಿ ಬೋರ್‌ವೆಲ್ ನೀರನ್ನು ಚೊಂಬಿಗೆ ಹಾಕಿ ಮುಂದಿಟ್ಟರಂತೆ. ಕಬ್ಬಿಣದಂಶಕ್ಕೆ ಕೆಂಪಗಿತ್ತು. ಮೊದಲು ಇದನ್ನು ಕುಡೀರಿ, ಆಮೇಲೆ ಓಟಿನ ಮಾತು ಅಂದರಂತೆ.

ಮಲೆನಾಡಲ್ಲಿ ನೀರಿಗೇನು ಬರ ಅಂತ ಬಯಲುಸೀಮೆಯವರು ಕೇಳುತ್ತಾರೆ. ಮಳೆ ಜಾಸ್ತಿ, ನಿಜ. ಆದರೆ ಆ ನೀರು ಒಳ್ಳೆಯದು ಅಂತ ನಾವು ಸುಮ್ನೆ ನಂಬಿದ್ದೇವೆ, ಅಷ್ಟೇ. ಗುಡ್ಡದಿಂದ ಪೈಪಲ್ಲಿ ಇಳಿಯುವ ಅಬ್ಬಿ ನೀರು ಅಂದರೆ ನಮಗೆ ಅಮೃತ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆದ ಡ್ರಮ್ಮನ್ನು ಅದೇ ಹಳ್ಳದಲ್ಲಿ ತೊಳೆಯುತ್ತೇವೆ, ಅದು ಬೇರೆ ವಿಷಯ!

ಮನೆಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್ 2019ರಲ್ಲಿ ಶುರುವಾಯಿತು, ತಲೆಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ. ನಲ್ಲಿಯೂ ಬಂತು. ಪ್ರತಿ ಊರಲ್ಲಿ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕು ಅಂತಲೂ ಅದರಲ್ಲೇ ಇದೆ. ನಮ್ಮಲ್ಲಿ ಪರೀಕ್ಷೆಯ ಕಿಟ್ಟು ಬೀರುವಿನಲ್ಲಿ ಧೂಳು ಹಿಡಿದು ಕೂತಿತ್ತು. ಈ ಮುಖಂಡರು ಅದನ್ನು ಕೇಳಿ ಈಚೆ ತೆಗೆಸಿದರು. ಕಲಿತ ಹೆಂಗಸರನ್ನು ಕರೆದುಕೊಂಡು, ಹಿಂದೆ ಓಟರ್ ಲಿಸ್ಟ್ ಹಿಡಿದು ಹೋದ ಹಾಗೇ, ಒಂದು ಮನೆಯನ್ನೂ ಬಿಡದೆ ಹೋದರು.

ನಮ್ಮ ಅಡುಗೆಮನೆ ನಲ್ಲಿಯ ನೀರನ್ನೂ ಕಿಟ್ಟಿನ ಸಣ್ಣ ಬಾಟಲಿಗೆ ತುಂಬಿದರು. ಹೊರಗೆ ಜಡಿಮಳೆ, ಚಳಿ. ಆ ಬಾಟಲಿಗೆ ಬೆಚ್ಚಗಿನ ಜಾಗ ಬೇಕು, ಹಾಗಾಗಿ ಬಚ್ಚಲೊಲೆಯಿಂದ ಒಂದಿಷ್ಟು ದೂರದ ಗೂಡಿನಲ್ಲಿ ಇಟ್ಟೆವು. ಮರುದಿನ ಕಪ್ಪಗಾಗಿತ್ತು. ಕಪ್ಪಾದರೆ ಹೊಲಸಿನ ಬ್ಯಾಕ್ಟೀರಿಯಾ ಸೇರಿರಬಹುದು ಅಂತ ಅರ್ಥ, ಕುದಿಸದೆ ಕುಡಿಯಬಾರದು. ಮೇಲೆ ಹೋಗಿ ನೋಡಿದರೆ ಊರ ನೀರಿನ ಟ್ಯಾಂಕಿನ ಮುಚ್ಚಳ ಒಡೆದು ಎಷ್ಟು ದಿನವಾಗಿತ್ತೋ, ಒಳಗೆ ಕೊಳೆತ ಎಲೆ, ಸತ್ತ ಹಲ್ಲಿ. ನೀರುಗಂಟಿಯನ್ನು ಬೈದು ಏನು ಪ್ರಯೋಜನ? ಅವರಿಗೆ ಬ್ಲೀಚಿಂಗ್ ಪೌಡರ್ರೇ ಬಂದಿರಲಿಲ್ಲ. ನಲ್ಲಿಗೆ ಬರುವ ನೀರಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನೋದನ್ನು ನಾನು ಕೇಳಿದ್ದೇ ಅವತ್ತು.

ಆಮೇಲಿನ ಗ್ರಾಮಸಭೆಗೆ ಜನ ಬಂದರು. ಬಂದರು ಅನ್ನೋದಕ್ಕಿಂತ ಇವರು ಕರೆತಂದರು ಅನ್ನಿ, ಜೀಪು ಮಾಡಿ ಬೂತಿಗೆ ಕರೆತರುವವರಿಗೆ ಇದೆಲ್ಲ ಯಾವ ಲೆಕ್ಕ. ಮುಚ್ಚಳ ಬಂತು, ಪೌಡರ್ ಬಂತು. ಪರೀಕ್ಷೆಯ ಫಲಿತಾಂಶವನ್ನು ಪ್ರತಿ ತಿಂಗಳು ನೋಟಿಸ್ ಬೋರ್ಡಿಗೆ ಹಾಕಿ ಅಂತ ಕೇಳಿದ್ದು ಮಾತ್ರ ಇನ್ನೂ ಆಗಿಲ್ಲ.

ಈಗ ಊರಲ್ಲಿ ಒಂದೇ ಪ್ರಶ್ನೆ, ಇವರು ಯಾವ ಟಿಕೆಟ್ಟಿಗೆ ಗಾಳ ಹಾಕಿದ್ದಾರೆ ಅಂತ. ಹಾಕಲಿ ಬಿಡಿ, ನೀರು ಸರಿ ಮಾಡಿಸಿ ಓಟು ಕೇಳುವುದು ತಪ್ಪಾ? ಪ್ರತಿ ಊರಲ್ಲೂ ಚುನಾವಣೆ ಮುಗಿದ ಮೇಲೆ ಖಾಲಿ ಕೂರುವ ಇಂಥ ಪ್ರಚಾರದವರು ನಾಲ್ಕಾರು ಜನ ಇರ್ತಾರಲ್ವಾ? ನಿಮ್ಮ ವರದಿಗಾರರಲ್ಲಿ ಒಂದು ಕೋರಿಕೆ. ಈ ಸಲ ಅಭ್ಯರ್ಥಿಗಳನ್ನು ಮಾತಾಡಿಸುವಾಗ ಎಷ್ಟು ನಲ್ಲಿ ಹಾಕಿಸ್ತೀರಿ ಅಂತ ಕೇಳಬೇಡಿ. ನಿಮ್ಮೂರ ಟ್ಯಾಂಕ್ ಕೊನೆಯದಾಗಿ ತೊಳೆದದ್ದು ಯಾವಾಗ ಅಂತ ಕೇಳಿ, ಉತ್ತರವನ್ನು ಹಾಗೇ ಅಚ್ಚು ಹಾಕಿ.

– ಹೊಸನಗರ ತಾಲ್ಲೂಕಿನ ಓದುಗ